ಅಳತೆ ಅಕ್ಕ ಮತ್ತು ತಜ್ಞರ ಹಲಗೆ

ಬೆಳಗಿನ ಐದೂವರೆ. ಶಿಕ್ಷಕರ ತರಬೇತಿ ಕೇಂದ್ರದ ಹಿಂಬದಿಯಲ್ಲಿ, ಜನರೇಟರ್ ಕೋಣೆಗೆ ಅಂಟಿಕೊಂಡಿರುವ ತಗಡಿನ ಮಾಡಿನ ಕೊಠಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಅಳತೆ ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಎರಡು ಪಾದಗಳ ನಡುವೆ ಹಲಗೆಯೊಂದನ್ನು ಒತ್ತಿ ಹಿಡಿದು, ಮೈಭಾರವನ್ನೆಲ್ಲ ಕೈಗೆ ಕೊಟ್ಟು ಬೈರಿಗೆ ತಿರುಗಿಸುತ್ತಾರೆ. ಕುಳಿ ಆಯಿತೆನ್ನುವಾಗ ಬಗ್ಗಿ ಬಾಯಿಂದ ಊದುತ್ತಾರೆ, ಮರದ ಪುಡಿ ಹಾರಿ ಕನ್ನಡಕದ ಮೇಲೆ ಕೂರುತ್ತದೆ. ಆಮೇಲೆ ಒಂದು ಗೂಟ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ.

“ಸಡಿಲ ಆದ್ರೆ ಮಕ್ಕಳ ಕೈಯಲ್ಲಿ ಉದುರಿ ಹೋಗುತ್ತೆ. ಬಿಗಿ ಆದ್ರೆ ಮೇಷ್ಟ್ರುಗಳು ಡಸ್ಟರ್ ತಗೊಂಡು ಕುಟ್ತಾರೆ. ಎರಡೂ ಆಗಬಾರದು,” ಎನ್ನುತ್ತಾರೆ.

ಇನ್ನು ನಾಲ್ಕೂವರೆ ಗಂಟೆಯಲ್ಲಿ ಮುಂದಿನ ಕಟ್ಟಡದ ದೊಡ್ಡ ಸಭಾಂಗಣದಲ್ಲಿ ಗಣಿತ ಶಿಕ್ಷಕರ ಮೂರು ದಿನಗಳ ಸಮ್ಮೇಳನ ಶುರುವಾಗುತ್ತದೆ. ವರ್ಷಕ್ಕೆ ಇಂಥವು ನಾಲ್ಕು. ಪ್ರತಿ ಸಲವೂ ನೂರಿಪ್ಪತ್ತು ಶಿಕ್ಷಕರು, ಮೂವರಿಗೊಂದರಂತೆ ನಲವತ್ತು ಹಲಗೆಗಳು. ಹಲಗೆಗೆ ಇಪ್ಪತ್ತು ಕುಳಿ, ಇಪ್ಪತ್ತು ಗೂಟ. ಸಮ್ಮೇಳನ ಮುಗಿದಾಗ ಶಿಕ್ಷಕರು ಹಲಗೆಗಳನ್ನು ತಮ್ಮ ಶಾಲೆಗೆ ಒಯ್ಯುವುದರಿಂದ ಮುಂದಿನ ಸಲಕ್ಕೆ ಮತ್ತೆ ನಲವತ್ತು. ಎಂಟುನೂರು ಗೂಟಗಳನ್ನೂ ಒಂದೊಂದಾಗಿ ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡುವುದು ಈ ಒಂದೇ ಜೊತೆ ಕೈ. ಬಲಗೈ ತೋರುಬೆರಳಿನ ತುದಿಯಲ್ಲಿ ರೇಖೆಗಳೇ ಉಳಿದಿಲ್ಲ. ಕೇಂದ್ರಕ್ಕೆ ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ ಅದು ಇವರನ್ನು ಗುರುತಿಸಲೇ ಇಲ್ಲವಂತೆ. “ಮಷಿನ್ನೂ ಇಲ್ಲಿನವರ ಬುದ್ಧಿ ಕಲಿತುಬಿಟ್ಟಿದೆ,” ಎಂದು ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ.

ಕಡತದಲ್ಲಿ ಇವರು ಬಡಗಿಯಲ್ಲ, ಅಟೆಂಡರ್. ಬಡಗಿಯಾಗಿದ್ದವರು ಗಂಡ. ಇದೇ ಕೊಠಡಿಯಲ್ಲಿ ಬೆಂಚು ರಿಪೇರಿ ಮಾಡುತ್ತಿದ್ದ ಅವರು ಇಪ್ಪತ್ತೆರಡು ವರ್ಷಗಳ ಹಿಂದೆ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಆಗ ಮಗಳಿಗೆ ಏಳು ವರ್ಷ. ಗಂಡನ ಹುದ್ದೆ ರದ್ದಾಯಿತು, ಹೆಂಡತಿಗೆ ಕಸ ಗುಡಿಸುವ, ಗಂಟೆ ಬಾರಿಸುವ ಕೆಲಸ ಸಿಕ್ಕಿತು. ಉಪಕರಣಗಳ ಪೆಟ್ಟಿಗೆಯನ್ನು ಯಾರೂ ಕೇಳಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದ ಹೆಂಗಸು ಗರಗಸ ಹಿಡಿಯಲು ತಾನೇ ಕಲಿತರು. ಸದಾ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಓಡಾಡುತ್ತಿದ್ದುದರಿಂದ ಅಳತೆ ಅಕ್ಕ ಆದರು. ಬೆಳಿಗ್ಗೆ ಹದಿನಾಲ್ಕು ಕೊಠಡಿಗಳ ಬೀಗ ತೆಗೆದು, ಗುಡಿಸಿ, ಬೋರ್ಡು ಒರೆಸಿ, ಕುರ್ಚಿ ಜೋಡಿಸುವುದು ಸಂಬಳದ ಕೆಲಸ. ಹಲಗೆ ಕೊರೆಯುವುದು ಅದಕ್ಕೂ ಮುಂಚಿನದು, ಯಾವ ಆದೇಶದಲ್ಲೂ ಬರೆಯದೇ ಇರುವುದು.

ಸಮ್ಮೇಳನ ನಡೆಯುವಾಗ ಸಭಾಂಗಣದ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂರಬೇಕು. ಗಂಟೆ ಬಾರಿಸಬೇಕಲ್ಲ. ಹಾಗೆ ಕೂತು ಕೂತು ಅವರ ಕಿವಿಗೆ ಗಣಿತ ಬಿತ್ತು. ಭಿನ್ನರಾಶಿ, ಸಮೀಕರಣ, ತ್ರಿಕೋನದ ಕೋನಗಳು. “ಅರ್ಧ ತಿಳೀತಿರಲಿಲ್ಲ. ತಿಳಿದ ಅರ್ಧ ಮಾತ್ರ ಗಟ್ಟಿಯಾಗಿ ಕೂತ್ಕೊಳ್ತಿತ್ತು. ಒಳಗಡೆ ಇದ್ದವರು ಫೋನ್ ನೋಡ್ತಿದ್ರು, ನನ್ನ ಹತ್ರ ಫೋನೇ ಇರಲಿಲ್ಲ ನೋಡಿ.”

ಹಲಗೆ ಹುಟ್ಟಿದ್ದು ಮಗಳಿಗಾಗಿ. ಹನ್ನೊಂದು ವರ್ಷದ ಹುಡುಗಿ ಒಂದು ಸಂಜೆ ಶಾಲೆಯಿಂದ ನೇರ ಇಲ್ಲಿಗೆ ಬಂದು, ಪುಸ್ತಕ ಎಸೆದು, ಅಳುತ್ತ ಕೂತಳು. ಮೈನಸ್ ಕಳೆದರೆ ಅದು ಪ್ಲಸ್ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ಟೀಚರು, “ಅದು ಹಾಗೇ, ಬಾಯಿಪಾಠ ಮಾಡು,” ಎಂದಿದ್ದರು. ಕೇಂದ್ರದ ಅಂಗಳದಲ್ಲಿ ಆಗ ನೀರಿನ ಪೈಪಿಗೆಂದು ಗುಂಡಿ ತೋಡಿದ್ದರು. ಅಮ್ಮ ಮಗಳ ಕೈ ಹಿಡಿದು ಅಲ್ಲಿಗೆ ಕರೆದೊಯ್ದರು.

“ನಾನೇನು ದೊಡ್ಡ ಪಾಠ ಮಾಡಲಿಲ್ಲ. ಗುಂಡಿ ಇದೆಯಾ ಅಂದೆ, ಇದೆ ಅಂದ್ಲು. ಅದರ ಮಣ್ಣು ಪಕ್ಕದಲ್ಲಿ ಗುಡ್ಡೆ ಬಿದ್ದಿದೆಯಾ ಅಂದೆ, ಬಿದ್ದಿದೆ ಅಂದ್ಲು. ಗುಂಡಿ ಮೈನಸ್ಸು, ಗುಡ್ಡೆ ಪ್ಲಸ್ಸು, ಎರಡೂ ಸೇರಿದ್ರೆ ನೆಲ ಸಮ, ಅಂದ್ರೆ ಸೊನ್ನೆ. ಈಗ ಬೇರೆ ಕಡೆಯಿಂದ ಮಣ್ಣು ತಂದು ಆ ಗುಂಡೀನ ಇಲ್ಲದ ಹಾಗೆ ಮಾಡು. ಏನು ಉಳೀತು? ‘ಗುಡ್ಡೆ ಉಳೀತಮ್ಮಾ’ ಅಂದ್ಲು. ಮೈನಸ್ ಕಳೆದೆ, ಪ್ಲಸ್ ಉಳೀತು. ಅಷ್ಟೇ.”

ಮರುದಿನ ಅದನ್ನೇ ಹಲಗೆಯ ಮೇಲೆ ಇಳಿಸಿದರು. ಕೆಳಸಾಲಿನ ಹತ್ತು ಕುಳಿಗಳಲ್ಲಿ ಗೂಟ ತುಂಬಿದ್ದರೆ ನೆಲ ಸಮ. ಒಂದನ್ನು ಕಿತ್ತು ಮೇಲುಸಾಲಿನಲ್ಲಿ ನಿಲ್ಲಿಸಿದರೆ ಕೆಳಗೊಂದು ಗುಂಡಿ, ಮೇಲೊಂದು ಗುಡ್ಡೆ. ಉಳಿದ ಹತ್ತು ಗೂಟಗಳು ಹೊರಗಿನಿಂದ ತರುವ ಮಣ್ಣು. ಆ ಹುಡುಗಿ ಮುಂದೆ ಗಣಿತದಲ್ಲಿ ಪದವಿ ಪಡೆದು ಗಣಿತ ಶಿಕ್ಷಕಿಯಾದಳು.

ಹಲಗೆ ಮಾಡಿದ ಮರುವರ್ಷ ಒಬ್ಬ ಸಂಪನ್ಮೂಲ ವ್ಯಕ್ತಿ, ಅಂದರೆ ಶಿಕ್ಷಕರಿಗೆ ಪಾಠ ಹೇಳಲು ಬರುವ ತಜ್ಞರು, ಮುರಿದ ಸ್ಟ್ಯಾಂಡ್ ಸರಿಮಾಡಿಸಲು ಈ ಕೊಠಡಿಗೆ ಬಂದರು. ಗೋಡೆಗೆ ಒರಗಿಸಿದ್ದ ಹಲಗೆ ಕಣ್ಣಿಗೆ ಬಿತ್ತು. ಇದೇನು ಎಂದರು. ಅಕ್ಕ ಹೇಳಿದರು. ತಜ್ಞರು ಎರಡು ಸಲ ಹೇಳಿಸಿ ಕೇಳಿ, ಫೋಟೊ ತೆಗೆದುಕೊಂಡು, “ಭೇಷ್” ಎಂದು ಹೋದರು. ಆ ಒಂದು ಪದವೇ ಈ ಹಲಗೆಯಿಂದ ಅಕ್ಕನಿಗೆ ದಕ್ಕಿದ ಒಟ್ಟು ಗಳಿಕೆ.

ಈಗ ಹಲಗೆಗೆ ತಜ್ಞರ ಹೆಸರಿದೆ. ಅವರ ಪುಸ್ತಕದಲ್ಲಿ ಅದಕ್ಕೆ ಒಂದಿಡೀ ಅಧ್ಯಾಯವಿದೆ. ಮನೆಯ ಮುಂದೆ ರಸ್ತೆ ಅಗೆಯುವವರನ್ನು ನೋಡುತ್ತ ನಿಂತಾಗ ತಮಗೆ ಈ ವಿಚಾರ ಹೊಳೆಯಿತೆಂದು ಅವರು ಪ್ರತಿ ಸಮ್ಮೇಳನದಲ್ಲೂ ಹೇಳುತ್ತಾರೆ. ಹಲಗೆಯನ್ನು ಮಾತ್ರವಲ್ಲ, ಗುಂಡಿಯನ್ನೂ ಎತ್ತಿಕೊಂಡು ಹೋಗಿದ್ದಾರೆ. ಹದಿನೇಳು ವರ್ಷಗಳಿಂದ ಹಲಗೆಯ ಹಿಂಬದಿಗೆ ಅವರ ಹೆಸರಿನ ಚೀಟಿ ಅಂಟಿಸುತ್ತಿರುವವರು ಅಳತೆ ಅಕ್ಕನೇ. ಭಾನುವಾರದ ಪುರವಣಿಗೆ ಬರೆಯಲು ಬಂದಿದ್ದ ನಾನು ನೋಡುತ್ತಿದ್ದಂತೆ ಒಂದು ಚೀಟಿ ಸೊಟ್ಟ ಕೂತಿತು. ಉಗುರಿನಿಂದ ಕಿತ್ತು, ಟೇಪು ಹಿಡಿದು, ನೇರ ಮಾಡಿ ಅಂಟಿಸಿದರು.

ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ. ಕೈಯಲ್ಲಿದ್ದ ಗೂಟವನ್ನು ಕುಳಿಗೆ ಒತ್ತಿದರು.

“ಹಲಗೆ ಹೋದದ್ದಕ್ಕೆ ಅಂಥ ಸಿಟ್ಟಿಲ್ಲ. ಮಕ್ಕಳಿಗೆ ಅರ್ಥ ಆದ್ರೆ ಆಯ್ತು ಅಂದ್ಕೊಂಡಿದ್ದೆ. ನನಗೆ ನನ್ನ ಮೇಲೇನೇ ಸಿಟ್ಟು.”

ಎರಡು ವರ್ಷಗಳ ಹಿಂದಿನ ಮಾತು. ಮಗಳು ಪ್ರೌಢಶಾಲೆಯ ಶಿಕ್ಷಕಿಯಾಗಿ ಮೊದಲ ಬಾರಿಗೆ ಸಮ್ಮೇಳನಕ್ಕೆ ಬಂದಿದ್ದರು. ಕೆಲಸಕ್ಕೆ ಸೇರಿ ಮೂರು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಅಮ್ಮ ಬಾಗಿಲಲ್ಲಿ, ಮಗಳು ಮೂರನೇ ಸಾಲಿನಲ್ಲಿ. ತಜ್ಞರು ಹಲಗೆ ಎತ್ತಿ ಹಿಡಿದು ರಸ್ತೆ ಅಗೆಯುವವರ ಕತೆ ಮುಗಿಸಿದರು, ಚಪ್ಪಾಳೆ ಬಿತ್ತು. ಮಗಳು ಎದ್ದು ನಿಂತರು.

“ಸರ್, ಇದು ನಮ್ಮಮ್ಮ ನನಗೆ ಮಾಡಿಕೊಟ್ಟದ್ದು. ನಾನು ಆರನೇ ಕ್ಲಾಸಲ್ಲಿದ್ದಾಗ. ಗುಂಡಿ ಇದ್ದದ್ದು ಈ ಕೇಂದ್ರದ ಅಂಗಳದಲ್ಲಿ.”

ತಜ್ಞರು ಮುಗುಳ್ನಕ್ಕು, “ನೋಡಿ, ಮನೆಮನೆಯ ತಾಯಂದಿರೂ ಬಳಸುವಷ್ಟು ನಮ್ಮ ಹಲಗೆ ಹಬ್ಬಿದೆ,” ಎಂದರು. ಸಭೆ ನಕ್ಕಿತು. ಮಗಳು ಕೂರಲಿಲ್ಲ. “ಅಮ್ಮ ಇಲ್ಲೇ ಇದ್ದಾರೆ, ಕೇಳಿ,” ಎಂದು ಬಾಗಿಲ ಕಡೆ ಕೈ ತೋರಿದರು. ನೂರಿಪ್ಪತ್ತು ತಲೆಗಳು ತಿರುಗಿದವು. ಮೊದಲ ಸಾಲಿನಲ್ಲಿದ್ದ ಕೇಂದ್ರದ ನಿರ್ದೇಶಕರು ಕೂತಲ್ಲಿಂದಲೇ, “ಏನಮ್ಮಾ, ಹೌದಾ?” ಎಂದು ಕೇಳಿದರು.

ಅಕ್ಕ ಉಪ್ಪುಕಾಗದ ಕೆಳಗಿಟ್ಟರು.

“ನಿರ್ದೇಶಕರ ಮುಖ ನೋಡಿದೆ. ಹೌದು ಅಂದ್ರೆ ಇವಳ ಕೆಲಸಕ್ಕೆ ಕುತ್ತು ಬರುತ್ತೆ ಅನ್ನಿಸ್ತು. ನನ್ನದಕ್ಕೂ. ‘ನನಗೇನು ಗೊತ್ತು ಸರ್, ಹೇಳಿದ ಅಳತೆಗೆ ಕೊಯ್ದು ಕೊಡ್ತೀನಿ ಅಷ್ಟೇ’ ಅಂದುಬಿಟ್ಟೆ.”

ಮಗಳು ಏನು ಮಾಡಿದರು?

“ಕೂತ್ಕೊಂಡ್ಲು. ಚಿಕ್ಕವಳಿದ್ದಾಗ ಪೆಟ್ಟು ತಿಂದ್ರೂ ಹಾಗೆ ಕೂತವಳಲ್ಲ.”

ಆಮೇಲೆ ಮಗಳಿಂದ ಸಮಜಾಯಿಷಿ ಬರೆಸಿಕೊಂಡರು. ತಪ್ಪು ತಿಳಿವಳಿಕೆಯಿಂದ ಸಭೆಗೆ ಅಡ್ಡಿ ಮಾಡಿದೆ ಎಂದು ಬರೆದು ಸಹಿ ಹಾಕಬೇಕಾಯಿತು. ಅಲ್ಲಿಂದೀಚೆಗೆ ಅವರನ್ನು ಯಾವ ಸಮ್ಮೇಳನಕ್ಕೂ ಕರೆದಿಲ್ಲ. ಸಹೋದ್ಯೋಗಿಗಳ ನಡುವೆ ‘ಹಲಗೆ ಮೇಡಂ’ ಎಂಬ ಅಡ್ಡಹೆಸರು ಅಂಟಿತು. ಕೆಲವು ತಿಂಗಳಲ್ಲೇ ಅವರು ಶಾಲೆಯ ಹತ್ತಿರ ಒಂದು ಕೋಣೆ ಹಿಡಿದು ಬೇರೆ ಇರತೊಡಗಿದರು. ಅಮ್ಮನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಮಾತ್ರೆ ತಗೊಂಡೆಯಾ, ತಗೊಂಡೆ, ಇಡ್ತೀನಿ. ಅಷ್ಟರಲ್ಲಿ ಮುಗಿಯುತ್ತದೆ.

ತಜ್ಞರಿಗೆ ನಾನು ಫೋನ್ ಮಾಡಿದೆ. ಬಹಳ ಸೌಜನ್ಯದಿಂದಲೇ ಮಾತಾಡಿದರು. “ಆ ಹೆಂಗಸಿನ ಕೈಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿಕಲ್ಪನೆ ಬೇರೆ, ಬಡಗಿ ಕೆಲಸ ಬೇರೆ ಅಲ್ಲವೇ?” ಮೊದಲ ಹಲಗೆಯ ಫೋಟೊ ತೆಗೆದ ದಿನದ ಬಗ್ಗೆ ಕೇಳಿದಾಗ ಮೀಟಿಂಗ್ ಇದೆ ಎಂದರು. ಮಗಳಿಗೂ ಫೋನ್ ಮಾಡಿದೆ. “ನಾನು ಹೇಳೋದನ್ನೆಲ್ಲ ಅವತ್ತೇ ಹೇಳಿದ್ದೀನಿ,” ಎಂದಷ್ಟೇ ಹೇಳಿದರು.

ಈ ತಿಂಗಳ ಕೊನೆಗೆ ಅಳತೆ ಅಕ್ಕ ನಿವೃತ್ತರಾಗುತ್ತಾರೆ. ಹೋದ ತಿಂಗಳು ಮಗಳ ಕೆಲಸ ಕಾಯಂ ಆಯಿತು. ಆದೇಶ ಬಂದ ದಿನವೇ ಅಕ್ಕ ಎರಡು ಬಸ್ಸು ಬದಲಿಸಿ ಮಗಳ ಕೋಣೆಗೆ ಹೋದರು.

“ತಪ್ಪಾಯ್ತು ಕಣೇ ಅಂದೆ. ಬಾಗಿಲಲ್ಲೇ ನಿಂತು ಕೇಳಿಸ್ಕೊಂಡ್ಲು. ‘ನನಗೆ ಯಾಕಮ್ಮ ಹೇಳ್ತೀಯ, ನನಗೆ ಗೊತ್ತಿರೋದೇ. ಅವತ್ತು ಅಲ್ಲಿ ಕೂತಿದ್ರಲ್ಲ, ಅವರಿಗೆ ಹೇಳು’ ಅಂದ್ಲು. ಒಳಗೆ ಕರೆದು ಟೀ ಕೊಟ್ಲು. ಕುಡಿದು ಬಂದೆ.”

ಮರುದಿನ ನಿರ್ದೇಶಕರ ಬಳಿ ಹೋಗಿ, ಈ ಸಮ್ಮೇಳನದಲ್ಲಿ ಎರಡು ನಿಮಿಷ ಮಾತಾಡಲು ಅವಕಾಶ ಕೇಳಿದರು. “ಹೋಗೋ ಹೊತ್ತಲ್ಲಿ ಯಾಕಮ್ಮ ಇದೆಲ್ಲ? ಬೀಳ್ಕೊಡುಗೆ ದಿನ ಮಾತಾಡುವಿರಂತೆ,” ಎಂದರಂತೆ. ಬೀಳ್ಕೊಡುಗೆಗೆ ಬರುವವರು ಕಚೇರಿಯ ಹನ್ನೊಂದು ಮಂದಿ. ಅವರಲ್ಲಿ ಒಬ್ಬರೂ ಗಣಿತ ಶಿಕ್ಷಕರಲ್ಲ.

ಗಂಟೆ ಒಂಬತ್ತು. ನಲವತ್ತು ಹಲಗೆಗಳನ್ನು ಕೈಗಾಡಿಯಲ್ಲಿ ಸಭಾಂಗಣಕ್ಕೆ ಸಾಗಿಸಿ ಮೇಜುಗಳ ಮೇಲೆ ಇಟ್ಟಾಗಿದೆ. ಶಿಕ್ಷಕರು ಬರತೊಡಗಿದ್ದಾರೆ. ಒಬ್ಬರು ಹಲಗೆ ಎತ್ತಿ ನೋಡಿ, ಹಿಂಬದಿಯ ಚೀಟಿ ಓದಿ, “ಸಾರ್ ಬಂದಿದ್ದಾರಾ?” ಎಂದು ಅಕ್ಕನನ್ನೇ ಕೇಳುತ್ತಾರೆ. “ಹತ್ತಕ್ಕೆ ಬರ್ತಾರೆ,” ಎಂದು ಅಕ್ಕ ಉತ್ತರಿಸುತ್ತಾರೆ.

ಹೊರಡುವ ಮುನ್ನ, ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ. ಅಕ್ಕ ನನ್ನನ್ನು ಬಾಗಿಲಿನಿಂದ ಸ್ವಲ್ಪ ದೂರ ಕರೆದೊಯ್ದರು.

“ಭಾನುವಾರದ ಪೇಪರ್ ಮೇಷ್ಟ್ರುಗಳು ಓದ್ತಾರಲ್ವಾ? ನನ್ನನ್ನ ಹೊಗಳೋದೇನೂ ಬೇಡ. ಹಲಗೆ ಯಾರದಾದರೂ ಆಗಲಿ. ಅವತ್ತು ಎದ್ದು ನಿಂತವಳು ಹೇಳಿದ್ದು ನಿಜ, ಬಾಗಿಲಲ್ಲಿ ನಿಂತವಳು ಹೇಳಿದ್ದು ಸುಳ್ಳು. ಇಷ್ಟು ಬರೀರಿ.”

ನಾನು ಬರೆದುಕೊಂಡೆ. ಅವರು ಬಗ್ಗಿ ನನ್ನ ಪುಸ್ತಕ ನೋಡಿದರು.

“ಆ ಸಾಲು ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕೋಕಾಗುತ್ತಾ?”