ಪರದೆಯ ಮೇಲೆ ಕಂಡ ತಾಯತ

ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ. ಈ ಸಂಗತಿಯಲ್ಲಿ ನಿಜ ಹೇಳಿದರೇ ನನ್ನ ಮರ್ಯಾದೆ ಹೋಗುತ್ತದೆ. ಆದರೂ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾನು ಯಲ್ಲಾಪುರದವಳು. ಎರಡು ಸಾವಿರದ ಇಸವಿ ಕಳೆದ ಮೇಲೆ, ಬಯಲುಸೀಮೆಯ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಕರೆಂಟ್, ಅಂದರೆ ವಿಕಿರಣ, ಕೊಡುವ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರದ ರೋಗಿಗಳೆಲ್ಲ ಅಲ್ಲಿಗೇ ಬರುತ್ತಿದ್ದರು. ನಮ್ಮ ಕಡೆಯ ಮಾತು ಆಡುವವಳು ಅಂತ ನನ್ನನ್ನೇ ಹುಡುಕಿಕೊಂಡು ಬರುವವರೂ ಇದ್ದರು. ಅದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಆ ಯಂತ್ರದಲ್ಲಿ ರೋಗಿಯ ಮಂಚದ ಕೆಳಗೆ ಹಲಗೆಯಂಥ ಒಂದು ಡಿಟೆಕ್ಟರ್ ಚಾಚಿಕೊಳ್ಳುತ್ತದೆ. ಮೈಯೊಳಗಿಂದ ಹಾದುಬಂದ ಕಿರಣವನ್ನು ಹಿಡಿದು, ಹೊರಗಿನ ಕೋಣೆಯಲ್ಲಿ ಕೂತ ನಮಗೆ ಪರದೆಯ ಮೇಲೆ ಚಿತ್ರ ತೋರಿಸುತ್ತದೆ. ಮಂಜು ಮುಸುಕಿದ ಚಿತ್ರ... ಪಕ್ಕೆಲುಬು, ಬೆನ್ನುಮೂಳೆ. ಕಿರಣ ಸರಿಯಾದ ಜಾಗಕ್ಕೇ ಬೀಳುತ್ತಿದೆಯೇ ಅಂತ ಅದರಿಂದ ನೋಡಿಕೊಳ್ಳಬೇಕು. ಆಗೆಲ್ಲ ವಾರಕ್ಕೆ ಒಂದೇ ಸಲ ನೋಡುವ ರೂಢಿ. ಉಳಿದ ದಿನ ಪಟ್ಟಿಯಲ್ಲಿ ಹೆಸರು ಆರಿಸುವುದು, ಗುಂಡಿ ಒತ್ತುವುದು, ಅಷ್ಟೇ.

ನಮ್ಮಲ್ಲಿ ಇಬ್ಬರು ಸುಬ್ರಾಯ ಹೆಗಡೆಯವರಿದ್ದರು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಹೆಸರು ಕೂಗಿ ನೋಡಿ, ಮೂರು ಜನ ತಿರುಗುತ್ತಾರೆ. ಅದಕ್ಕೇ ನಾವು ಊರ ಹೆಸರಿನಿಂದ ಕರೆಯುವುದು. ಹೆಗ್ಗರಣೆಯವರಿಗೆ ಎಡ ಶ್ವಾಸಕೋಶ, ಮತ್ತಿಘಟ್ಟದವರಿಗೆ ಬಲ. ಇಬ್ಬರನ್ನೂ ಎದೆಯ ನಡುವಿನ ಗುರುತಿಗೆ ಹೊಂದಿಸಿ ಮಲಗಿಸುತ್ತಿದ್ದೆವು, ಕಿರಣ ಯಾವ ಬದಿಗೆ ಅನ್ನುವುದನ್ನು ಕಂಪ್ಯೂಟರಿನ ಫೈಲು ಹೇಳುತ್ತಿತ್ತು. ಆದರೆ ಪಟ್ಟಿಯಲ್ಲಿ ಊರು ಇರಲಿಲ್ಲ. ಒಂದರ ಕೆಳಗೆ ಒಂದು, ಎರಡೂ ಅದೇ ಹೆಸರು, ಪಕ್ಕದಲ್ಲಿ ಸಣ್ಣ ನಂಬರು. ನಂಬರು ಯಾರು ನೋಡುತ್ತಾರೆ? ನನಗೆ ಮುಖ ಗೊತ್ತಿತ್ತಲ್ಲ.

ಹೆಗ್ಗರಣೆಯವರ ಕೊರಳಲ್ಲಿ ಎರಡು ಕೊಳವೆಯ ಬೆಳ್ಳಿ ತಾಯತ ಇತ್ತು. ಒಂದರ ಮುಚ್ಚಳ ಬಿದ್ದುಹೋಗಿತ್ತು. ತೆಗೆಯಲು ಒಪ್ಪದೆ ಮೊದಲ ದಿನ ಹಟ ಮಾಡಿದ್ದರು. ಪರದೆಯಲ್ಲಿ ಅದು ಕಾಣಿಸಿದ ಮೇಲೆ ನಾನು ಗದರಿದೆ. ಆಮೇಲೆ ದಿನಾ ತಾವೇ ತೆಗೆದು ಸ್ಟೀಲ್ ತಟ್ಟೆಗೆ ಹಾಕುತ್ತಿದ್ದರು... ಟಿಣ್. ಅವರ ಬಾಯಲ್ಲಿ ಯಾವಾಗಲೂ ಲವಂಗದ ವಾಸನೆ. ಚಿಕಿತ್ಸೆ ಮುಗಿದು ಊರಿಗೆ ಹೋದವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಹೆಸರು ಮಾತ್ರ ಪಟ್ಟಿಯಿಂದ ಹೋಗಿರಲಿಲ್ಲ.

ಅದಾಗಿ ಇಪ್ಪತ್ತು ದಿನವಾಗಿರಬೇಕು. ಆ ದಿನ ಮಧ್ಯಾಹ್ನ ಯಂತ್ರ ಕೆಟ್ಟು, ಸರಿಯಾಗುವಾಗ ಕತ್ತಲಾಗಿತ್ತು. ಕಾದಿದ್ದವರಿಗೆಲ್ಲ ಕೊಟ್ಟು ಮುಗಿಸುತ್ತ ರಾತ್ರಿ ಹತ್ತೂವರೆ. ಕೊನೆಯವರು ಮತ್ತಿಘಟ್ಟದ ಹೆಗಡೆಯವರು. ನಾನು, ವಾರ್ಡ್‌ಬಾಯ್ ಮಂಜಣ್ಣ, ಅವರು... ಮೂರೇ ಜನ.

ಮಲಗಿಸಿ ಹೊರಗೆ ಬಂದೆ. ಹೆಸರು ಆರಿಸಿದೆ. ಅವರದು ಚಿತ್ರ ತೆಗೆಯುವ ದಿನ. ತೆಗೆದೆ.

ಎದೆಯ ನಡುವೆ ತಾಯತ! ಎರಡು ಕೊಳವೆ. ಒಂದಕ್ಕೆ ಮುಚ್ಚಳವಿಲ್ಲ.

ಮೈಕಿನಲ್ಲಿ ಕೇಳಿದೆ, "ಮಾವ, ತಾಯ್ತ ತೆಗದ್ರಿಲ್ಯ?"

"ಎಂತ ತಾಯ್ತ ತಂಗಿ? ಆನು ಕಟ್ಕಂಡಿದ್ನೇ ಇಲ್ಲೆ."

ಸುಳ್ಳು ಹೇಳುತ್ತಿದ್ದಾರೆ ಅನಿಸಿತು. ಕಟ್ಟಿಕೊಂಡು ಬಚ್ಚಿಡುವವರನ್ನು ಎಷ್ಟು ನೋಡಿಲ್ಲ! ಒಳಗೆ ಹೋದೆ. ಎದೆಯ ಮೇಲೆ ಬರೀ ಜನಿವಾರ. ಬೆನ್ನ ಕೆಳಗೆ ಕೈ ಹಾಕಿ ತಡಕಿದೆ. ಹೊದಿಕೆ ಕೊಡವಿದೆ. ಏನೂ ಇಲ್ಲ. ಆದರೆ ಆ ತಣ್ಣನೆಯ ಕೋಣೆಯಲ್ಲಿ... ಲವಂಗದ ವಾಸನೆ.

"ಲವಂಗ ಹಾಕಿದ್ರ ಮಾವ?"

"ಯಂಗೆ ಆಗ್ತಿಲ್ಲೆ ಅದು."

ಹೊರಗೆ ಬಂದು ಮತ್ತೊಂದು ಚಿತ್ರ ತೆಗೆದೆ. ತಾಯತ ಅಲ್ಲೇ ಇತ್ತು... ಸ್ವಲ್ಪ ಕೆಳಗೆ ಜಾರಿತ್ತು, ಮಲಗಿದ್ದವರು ಎದ್ದು ಕೂರಲು ಹೊರಟಂತೆ. ಕ್ಯಾಮೆರಾದಲ್ಲಿ ನೋಡಿದರೆ ಹೆಗಡೆಯವರು ಅಲುಗಾಡದೆ ಮಲಗಿದ್ದಾರೆ.

ನನ್ನ ಅನುಮಾನ ಮಂಜಣ್ಣನ ಕಡೆ ತಿರುಗಿತು. ಅವನಿಗೆ ಚೇಷ್ಟೆ ಹೆಚ್ಚು. "ಏನು ಮಾಡಿದೆ? ಹಳೇ ಚಿತ್ರ ತಂದು ಹಾಕಿದೆಯಾ?"

"ಅಕ್ಕಾರ, ನನ್ನ ಮ್ಯಾಲೆ ಯಾಕ ಬರ್ತೀರಿ? ನಾ ಏನೂ ಮುಟ್ಟಿಲ್ರೀ..." ಅವನ ಕಣ್ಣು ಪರದೆಯ ಮೇಲೆ. "ಅದು ಹೆಗ್ಗರಣೆ ಅಜ್ಜಾರದಲ್ರೀ?"

ಆಗ ಒಳಗಿಂದ ಮೈಕಿನಲ್ಲಿ ಕೇಳಿಸಿತು. ಟಿಣ್. ಸ್ಟೀಲ್ ತಟ್ಟೆ ಬೀರುವಿನೊಳಗಿತ್ತು.

ಹೆದರಿಕೆಯಲ್ಲಿ ಚಿತ್ರ ಮುಚ್ಚಲು ಹೋದಾಗ ಮೇಲಿನ ನಂಬರು ಕಣ್ಣಿಗೆ ಬಿತ್ತು. ನಾನು ಆರಿಸಿದ್ದು ಸತ್ತವರ ಫೈಲು. ಇನ್ನೊಂದು ಗುಂಡಿ ಒತ್ತಿದ್ದರೆ ಮತ್ತಿಘಟ್ಟದವರ ಚೆನ್ನಾಗಿದ್ದ ಎಡಬದಿಗೆ ಕಿರಣ ಹೋಗುತ್ತಿತ್ತು.

ಸರಿಯಾದ ಫೈಲು ತೆಗೆದು ಮತ್ತೆ ಚಿತ್ರ ನೋಡಿದೆ. ಬರೀ ಎಲುಬು. ತಾಯತ ಇಲ್ಲ. ಚಿಕಿತ್ಸೆ ಕೊಟ್ಟೆ.

"ಮುಗತ್ತನೇ ತಂಗಿ?"

"ಹೌದು ಮಾವ, ಮುಗತ್ತು."

ಮರುದಿನ ಇಂಜಿನಿಯರ್‌ಗೆ ಹೇಳಿದೆ. ಡಿಟೆಕ್ಟರಿನಲ್ಲಿ ಹಿಂದಿನ ಚಿತ್ರದ ನೆರಳು ಸ್ವಲ್ಪ ಹೊತ್ತು ಉಳಿಯುವುದುಂಟು ಅಂದರು. ತಿಂಗಳುಗಟ್ಟಲೆ ಉಳಿಯುತ್ತದೆಯೇ ಅಂದೆ. ನಕ್ಕರು. ತೋರಿಸೋಣವೆಂದು ತೆರೆದರೆ ಆ ಎರಡು ಚಿತ್ರಗಳಲ್ಲೂ ತಾಯತವೇ ಇಲ್ಲ! ಮಂಜಣ್ಣನನ್ನು ಕರೆದೆ. ಅವನು ನೆಲ ನೋಡುತ್ತ, "ನನಗೇನೂ ನೆನಪಿಲ್ರೀ" ಅಂದ. ಅವನು ಯಾಕೆ ಹಾಗಂದನೋ ಇವತ್ತಿಗೂ ಗೊತ್ತಿಲ್ಲ.

ಪುಣ್ಯಾತ್ಮ, ಸತ್ತ ಮೇಲೂ ಬಂದು ಇನ್ನೊಬ್ಬರನ್ನು ಉಳಿಸಿದರು ಅಂತ ಕೆಲವು ದಿನ ಸಮಾಧಾನಪಟ್ಟೆ. ಆಮೇಲೆ ಒಂದು ಸಂಜೆ, ಯಲ್ಲಾಪುರದ ಬಸ್ಸಿನಲ್ಲಿ ಕೂತಾಗ, ಮರೆತೇಹೋಗಿದ್ದ ಒಂದು ಮಾತು ನೆನಪಾಯಿತು. ಜನ ತುಂಬಿದ್ದ ದಿನ, ಚಿತ್ರ ತೆಗೆಯದ ದಿನ, ಹೆಗ್ಗರಣೆಯವರು ಮಂಚದಿಂದ ಏಳುತ್ತ ಕೇಳಿದ್ದರು: "ಮಷಿನ್ ಇವತ್ತು ಬಲದ ಬದಿಗೆ ಹೋತಲೇ ತಂಗಿ?"

"ಸುಮ್ಮಂಗಿರಿ ಮಾವ, ಮಷಿನ್ನಿಗೆ ಗೊತ್ತಿದ್ದು" ಅಂದು ನಾನು ಮುಂದಿನವರನ್ನು ಕರೆದಿದ್ದೆ.

ಒಂದು ದಿನ ತಪ್ಪಿದರೆ ಅದರಿಂದಲೇ ಯಾರೂ ಸಾಯುವುದಿಲ್ಲ ಅಂತ ಡಾಕ್ಟರು ಹೇಳುತ್ತಾರೆ. ಆದರೆ ಒಂದೇ ದಿನವಾ? ದಾಖಲೆ ತೆಗೆದು ಯಾವ ದಿನ ಯಾರ ಫೈಲು ಓಡಿತ್ತು ಅಂತ ಹೋಲಿಸಿದ್ದರೆ ತಿಳಿಯುತ್ತಿತ್ತು. ಐದು ನಿಮಿಷದ ಕೆಲಸ. ಆ ಆಸ್ಪತ್ರೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ.

ನಾನು ನೋಡಲಿಲ್ಲ. ಆವತ್ತು ಅವರು ಬಂದದ್ದು ಮತ್ತಿಘಟ್ಟದವರಿಗಾಗಿಯೋ, ನನಗಾಗಿಯೋ... ಈಗಲೂ ಮನೆಯಲ್ಲಿ ಸ್ಟೀಲ್ ತಟ್ಟೆಗೆ ಚಮಚ ತಾಗಿದರೆ ಬಾಗಿಲ ಕಡೆ ನೋಡುತ್ತೇನೆ.