ಕಿವಿಯಣ್ಣನ ಖಾಲಿ ರಿಜಿಸ್ಟರ್

ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಅವರನ್ನು ಕಿವಿಯಣ್ಣ ಎನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೆಷಿನ್ನಿನ ಬೇರಿಂಗ್ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಒಳಗೆ ಯಾವುದು ಸವೆದಿದೆ, ಎಲ್ಲಿ ಗ್ರೀಸ್ ಒಣಗಿದೆ ಎಂಬುದು ಸದ್ದಿನಲ್ಲೇ ತಿಳಿಯುತ್ತದಂತೆ. ನಾನು ಇಪ್ಪತ್ತೆರಡು ವರ್ಷದಿಂದ ಅವರ ಹೆಂಡತಿ. ಮನೆಯ ನಲ್ಲಿ ಸೋರುತ್ತಿದೆ ಎಂದು ಮೂರು ಸಲ ಕೂಗಿದರೂ ಆ ಕಿವಿಗೆ ಬೀಳುವುದಿಲ್ಲ. ಮೆಷಿನ್ ಪಿಸುಗುಟ್ಟಿದರೆ ಕೇಳುತ್ತದೆ, ಹೆಂಡತಿ ಅರಚಿದರೂ ಕೇಳದು.

ನಾನೂ ಅಲ್ಲೇ ದುಡಿಯುವುದು. ಎರಡು ಆಸ್ಪತ್ರೆ, ಐದಾರು ಹೋಟೆಲುಗಳ ಬೆಡ್‌ಶೀಟು, ಟವೆಲುಗಳು ನಮ್ಮಲ್ಲಿಗೆ ಬರುತ್ತವೆ. ಒಗೆದು ಹಿಂಡಿದ ಬೆಡ್‌ಶೀಟುಗಳನ್ನು ಬಿಸಿ ರೋಲರಿಗೆ ಕೊಡುವ, ನನ್ನನ್ನೂ ಸೇರಿ ಏಳು ಹೆಂಗಸರ ತಂಡಕ್ಕೆ ನಾನು ಮೇಸ್ತ್ರಿ. ಇಬ್ಬರು ಎರಡು ಮೂಲೆ ಹಿಡಿದು ಈಚೆಯಿಂದ ಕೊಟ್ಟರೆ, ಆಚೆ ಇಸ್ತ್ರಿಯಾಗಿ ಹೊರಬರುತ್ತದೆ. ಆ ರೋಲರ್ ನಿಂತರೆ ಮುಗಿಯಿತು. ಒದ್ದೆ ಬಟ್ಟೆಯ ಗಾಡಿಗಳು ಬಾಗಿಲವರೆಗೂ ಸಾಲುಗಟ್ಟುತ್ತವೆ, ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು ಬರುತ್ತದೆ.

ಗೋಡೆಯ ಮೊಳೆಗೆ ದಾರದಿಂದ ಕಟ್ಟಿದ ಒಂದು ರಿಜಿಸ್ಟರ್ ಇದೆ. ಯಾವ ಮೆಷಿನ್ ಎಷ್ಟು ಹೊತ್ತಿಗೆ ನಿಂತಿತು, ಏಕೆ, ಯಾರು ಸರಿಮಾಡಿದರು ಎಂದು ಅದರಲ್ಲಿ ಬರೆಯಬೇಕು. ಬರೆದರೆ ಆ ಪಾಳಿಯ ಮೇಸ್ತ್ರಿಯನ್ನು ಆಫೀಸಿಗೆ ಕರೆದು ಬೈಯುತ್ತಾರೆ, ಮೆಷಿನ್ನನ್ನು ಬೈಯಲಾಗುವುದಿಲ್ಲವಲ್ಲ. ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಬೆಳಿಗ್ಗೆ ಅವರು ರೋಲರಿಗೆ ಕಿವಿಗೊಟ್ಟು, ಇಂದು ಇದನ್ನು ಬಿಚ್ಚಬೇಕು ಎಂಬಂತೆ ನನ್ನತ್ತ ನೋಡಿ ತಲೆಯಾಡಿಸಿದರೆ, ಅಂದು ಏಳೂ ಜನ ಒಟ್ಟಿಗೇ ಟೀಗೆ ಹೋಗುವುದು. ಬೇರೆ ದಿನ ಇಬ್ಬಿಬ್ಬರಾಗಿ ಹೋಗುತ್ತಿದ್ದೆವು. ನಾವು ಬರುವಷ್ಟರಲ್ಲಿ ಅವರು ರೋಲರ್ ನಿಲ್ಲಿಸಿ, ಸವೆದ ಬೆಲ್ಟ್ ಬದಲಿಸಿಯೋ, ಹಬೆಯ ಪೈಪು ತೊಳೆದೋ, ಬಟ್ಟೆಯ ಜುಂಗು ಕಟ್ಟಿಕೊಂಡ ಜಾಲರಿ ಬಿಡಿಸಿಯೋ ಕೆಲಸ ಮುಗಿಸಿರುತ್ತಿದ್ದರು. ಟೀ ಕುಡಿದದ್ದನ್ನು ಯಾರೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಅವರಿಗೆಂದು ನಾನು ತಂದ ಲೋಟ ಮಾತ್ರ ಯಾವಾಗಲೂ ಆರಿಹೋಗುತ್ತಿತ್ತು. ಅದನ್ನೇ ಗಟಗಟ ಕುಡಿದು ಮುಂದಿನ ಮೆಷಿನ್ನಿಗೆ ಹೋಗುತ್ತಿದ್ದರು.

ಇನ್ನೊಂದು ಪಾಳಿಯ ಮೆಕ್ಯಾನಿಕ್ಕಿಗೆ ಸುತ್ತಿಗೆ ಎಂದು ಅಡ್ಡಹೆಸರು. ಮೆಷಿನ್ ಕೆಟ್ಟು ಕೂರುವವರೆಗೆ ಆತ ಅದರ ಹತ್ತಿರ ಸುಳಿಯುವುದಿಲ್ಲ. ಕೆಟ್ಟ ಮೇಲೆ ನೋಡಬೇಕು ಆ ವೈಭವ! "ಸರೀರಿ, ಸರೀರಿ, ಜಾಗ ಬಿಡಿ!" ಎಂದು ಓಡಿಬರುವುದೇನು, ತೋಳು ಮಡಚುವುದೇನು, ಮೆಷಿನ್ನಿನ ಬೆನ್ನಿಗೆ ನಾಲ್ಕು ಬಡಿಯುವುದೇನು! ಒಂದೂವರೆ ಗಂಟೆಯ ಮೇಲೆ ಮೆಷಿನ್ ಗೊರ್ ಎಂದರೆ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡೇ ಆಫೀಸಿನ ಮುಂದೆ ಹಾದುಹೋಗುತ್ತಾನೆ. ಆ ಮಸಿ ಹೋಗುವ ದಾರಿಯಲ್ಲೇ ಮೆತ್ತಿಕೊಂಡದ್ದು ಎಂದು ನನಗೆ ಅನುಮಾನ. ಪುಟಗಟ್ಟಲೆ ಬರೆಯುತ್ತಾನೆ. ಅವನ ಪಾಳಿಯ ಮೇಸ್ತ್ರಿ ವಾರಕ್ಕೆರಡು ಸಲ ಬೈಸಿಕೊಂಡು ಬರುತ್ತಾಳೆ.

ಇಷ್ಟರಲ್ಲಿ ಹೊಸ ಮ್ಯಾನೇಜರ್ ಬಂದರು. ಓದಿದವರು, ಸೌಮ್ಯ ಮಾತಿನವರು. ಬಂದ ಹದಿನೈದನೇ ದಿನ ಎಲ್ಲರನ್ನೂ ಸೇರಿಸಿ, ಎರಡು ಪಾಳಿಗೂ ಸೇರಿ ಒಬ್ಬ ಮೆಕ್ಯಾನಿಕ್ ಸಾಕು, ಯಾರು ಎಂಬುದನ್ನು ಶನಿವಾರ ಹೇಳುತ್ತೇನೆ ಎಂದುಬಿಟ್ಟರು. ಐವತ್ತು ದಾಟಿದ ಗಂಡಸಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಪಕ್ಕದಲ್ಲಿ ನಿಂತಿದ್ದ ಈ ಮಹಾನುಭಾವರು ಡ್ರೈಯರಿನ ಕಡೆ ಕಿವಿ ತಿರುಗಿಸಿಕೊಂಡಿದ್ದರು.

ಅಂದು ಸಂಜೆ ಮನೆಯಲ್ಲಿ ಅವರು ಉಗುರಿನ ಸಂದಿಯ ಗ್ರೀಸ್ ಕೀಳುತ್ತಾ ಕೂತಿದ್ದಾಗ ಹೇಳಿದೆ.

"ರೀ, ನಾಳೆ ಮ್ಯಾನೇಜರ್ ಹತ್ರ ಹೋಗಿ ಮಾತಾಡಿ."

"ಏನಂತ ಮಾತಾಡ್ಲಿ?"

"ನೀವು ಮಾಡೋ ಕೆಲ್ಸಾನ ಹೇಳಿ. ಟೀ ಹೊತ್ತಲ್ಲಿ ಏನೇನು ಬಿಚ್ಚಿ ಕಟ್ತೀರೋ ಎಲ್ಲಾ ಹೇಳಿ."

"ಆಮೇಲೆ ನಿನ್ನೂ ಆ ಹೆಂಗಸರನ್ನೂ ನಿಲ್ಲಿಸ್ಕೊಂಡು ಯಾಕೆ ಬರೀಲಿಲ್ಲ ಅಂತ ಕೇಳ್ತಾರೆ. ಬೇಡ ಬಿಡು. ಮೆಷಿನ್ ಓಡ್ತಾ ಇದ್ಯಲ್ಲ, ಅವ್ರಿಗೆ ಕಾಣಲ್ವಾ?"

"ಓಡೋ ಮೆಷಿನ್ನ ಯಾರ್ರೀ ತಿರುಗಿ ನೋಡ್ತಾರೆ? ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ ಅಂತಾರೆ. ನಿಮಗೆ ದೇವರು ಬರೀ ಕಿವಿ ಕೊಟ್ಟು ಕಳಿಸಿದಾನೆ!"

ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹೋಗುವುದಿಲ್ಲ ಎಂದರೆ ಹೋಗುವುದಿಲ್ಲ, ಅಷ್ಟೆ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಮ್ಯಾನೇಜರ್ ನನ್ನನ್ನೇ ಕರೆಸಿದರು. ಮೇಜಿನ ಮೇಲೆ ಆ ರಿಜಿಸ್ಟರ್, ದಾರ ಇನ್ನೂ ಜೋತಾಡುತ್ತಿತ್ತು.

"ಕೂತ್ಕೊಳ್ಳಿ ಅಮ್ಮಾ. ಒಂದು ವಿಷ್ಯ ಖಾತ್ರಿ ಮಾಡ್ಕೋಬೇಕಿತ್ತು. ಇನ್ನೊಂದು ಪಾಳೀಲಿ ವರ್ಷಕ್ಕೆ ಇನ್ನೂರು ಚಿಲ್ರೆ ಸಲ ಮೆಷಿನ್ ನಿಂತಿದೆ. ನಿಮ್ಮ ಪಾಳೀಲಿ ಹನ್ನೊಂದೇ. ಇದು ನಿಜಾನಾ?"

"ನಿಜ ಸಾರ್!" ಎಂದೆ. ಕೊನೆಗೂ ಒಬ್ಬರಿಗೆ ಕಣ್ಣು ಕಾಣಿಸಿತಲ್ಲ ಎಂದು ಜೀವಕ್ಕೆ ಹಾಯೆನಿಸಿತು.

"ಆ ಹನ್ನೊಂದರಲ್ಲಿ ನಿಮ್ಮ ರೋಲರ್ ನಿಂತಿದ್ದು ಒಂದೂ ಇಲ್ಲ. ಮರೆತು ಬರೆಯದೆ ಬಿಟ್ಟಿದ್ದು ಏನಾದ್ರೂ?"

ಟೀಯ ವಿಷಯ ನಾಲಿಗೆಯ ತುದಿಯವರೆಗೆ ಬಂತು. ಆರು ಹೆಂಗಸರ ಮುಖ ಕಣ್ಣ ಮುಂದೆ ಬಂದು ಅದನ್ನು ನುಂಗಿಕೊಂಡೆ. ಅದೂ ಅಲ್ಲದೆ, ಸುಳ್ಳೇಕೆ ಹೇಳಲಿ, ನನಗೆ ಜಂಬ ಬಂದಿತ್ತು. ಸುತ್ತಿಗೆಯ ಇನ್ನೂರರ ಪಕ್ಕದಲ್ಲಿ ನನ್ನ ಗಂಡ ನೋಡಿಕೊಂಡ ರೋಲರಿನ ಸೊನ್ನೆ ಎಷ್ಟು ಚೆಂದ ಕಾಣುತ್ತಿತ್ತು!

"ಒಂದ್ಸಲಾನೂ ನಿಂತಿಲ್ಲ ಸಾರ್," ಎಂದೆ, ಹೊರಗಿನವರಿಗೂ ಕೇಳಲಿ ಎಂದು.

ಅವರು ಅದನ್ನು ಒಂದು ಹಾಳೆಯಲ್ಲಿ ಬರೆದು ನನ್ನ ಮುಂದಿಟ್ಟರು. ಅಗಲವಾಗಿ ಸಹಿ ಹಾಕಿದೆ. ಹಾಳೆ ವಾಪಸು ತೆಗೆದುಕೊಂಡು ಅವರು ನಿಟ್ಟುಸಿರುಬಿಟ್ಟರು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಯಜಮಾನ್ರ ಪಾಳೀಲಿ ಮೆಕ್ಯಾನಿಕ್‌ಗೆ ಕೆಲ್ಸಾನೇ ಇಲ್ಲ ಅಂತ ಆಯ್ತು. ಅವರು ಪಾಪ, ವರ್ಷಪೂರ್ತಿ ಸರಿಯಾಗಿದ್ದ ಮೆಷಿನ್ ಕಾಯ್ಕೊಂಡು ಕೂತಿದ್ರು."

ಎಲ್ಲವನ್ನೂ ಬಡಬಡ ಹೇಳಿದೆ. ತಲೆಯಾಡಿಸುವುದು, ಒಟ್ಟಿಗೆ ಟೀಗೆ ಹೋಗುವುದು, ಬೆಲ್ಟು, ಪೈಪು, ಜಾಲರಿ, ಒಂದನ್ನೂ ಬಿಡಲಿಲ್ಲ. ಸರಿಯಾಗಿತ್ತಲ್ಲ ಸಾರ್, ಅದು ತಾನಾಗಿ ಸರಿಯಾಗಿರಲಿಲ್ಲ ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆ ತಾಳ್ಮೆಯನ್ನು ನೋಡಿದರೆ ಮೇಜನ್ನೇ ಎತ್ತಿ ಒಗೆಯಬೇಕೆನಿಸುತ್ತಿತ್ತು.

"ಇದ್ಯಾವುದೂ ಬರೆದಿಲ್ವಲ್ಲ ಅಮ್ಮಾ," ಎಂದರು. "ಈಗಷ್ಟೇ ಒಂದ್ಸಲಾನೂ ನಿಂತಿಲ್ಲ ಅಂತ ನೀವೇ ಸೈನ್ ಹಾಕಿದ್ರಿ. ಗಂಡನ ಮೇಲಿನ ಪ್ರೀತಿಗೆ ಈಗ ಬೇರೆ ಹೇಳ್ತಿದೀರ. ನನಗೂ ಅರ್ಥ ಆಗುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಚೆ ಬಂದಾಗ ನಮ್ಮ ರೋಲರ್ ಸದ್ದಿಲ್ಲದೆ ಓಡುತ್ತಿತ್ತು. ಆ ಹೊತ್ತಿಗಾದರೂ ಕೆಟ್ಟು ನಿಲ್ಲಬಾರದಿತ್ತೇ ಹಾಳಾದ್ದು! ಎಲ್ಲಿ ನಿಲ್ಲುತ್ತದೆ, ಅಂದು ಬೆಳಿಗ್ಗೆಯಷ್ಟೇ ಅವರು ಅದರ ಬೇರಿಂಗಿಗೆ ಗ್ರೀಸ್ ತುಂಬಿದ್ದರು.

ಶನಿವಾರ ಅವರ ಕೈಗೆ ಕಾಗದ ಬಂತು, ತಿಂಗಳ ಕೊನೆಯವರೆಗೆ ಬಂದರೆ ಸಾಕಂತೆ. ಸಂಜೆ ಮನೆಗೆ ಬಂದು ಅದನ್ನು ಕಿಟಕಿಯ ಮೇಲಿಟ್ಟು ಕಾಲು ತೊಳೆದುಕೊಂಡರು. ನನ್ನ ಸಹಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೇಳದೆ ಇರಲು ನನ್ನಿಂದ ಆಗಲಿಲ್ಲ. ಬೈಯಲಿ, ಕೂಗಾಡಲಿ, ಒಂದು ಸಲವಾದರೂ ಈ ಮನುಷ್ಯನಿಗೆ ಸಿಟ್ಟು ಬರಲಿ ಎಂದುಕೊಂಡೇ ಹೇಳಿದೆ.

ಟವೆಲಿನಿಂದ ಮುಖ ಒರೆಸುತ್ತಿದ್ದವರು ಕೈ ನಿಲ್ಲಿಸಿದರು.

"ಒಂದ್ಸಲಾನೂ ನಿಂತಿಲ್ಲ ಅಂದ್ಯಾ?"

"ಹೂಂ."

"ಅವ್ರು ಹಾಗೇ ಬರ್ಕೊಂಡ್ರಾ?"

"ಬರ್ಕೊಂಡ್ರು. ನಾನೇ ಸೈನೂ ಹಾಕ್ದೆ. ನನ್ನ ಕೈ ಮುರಿದುಹೋಗ್ಲಿ."

"ಹಂಗ್ಯಾಕಂತೀಯ?" ಎಂದರು. ಅವರ ಮುಖ ಅರಳಿತ್ತು, ಮದುವೆಯಾದಾಗಿನಿಂದ ನಾನು ಅಂಥ ಮುಖ ನೋಡಿರಲಿಲ್ಲ. "ಇಷ್ಟು ವರ್ಷಕ್ಕೆ ಒಬ್ರಾದ್ರೂ ಬರೆದಿಟ್ರಲ್ಲ ಕಣೇ."

ನಾನು ಅಳುವುದನ್ನು ನೋಡಿ ಅವರಿಗೆ ಗಾಬರಿಯಾಯಿತು. ಏನಾಯ್ತು, ಏನಾಯ್ತು ಎಂದು ಮೂರು ಸಲ ಕೇಳಿದರು.