ಕೆಳಗೆ ನಿಂತು ಎಸೆದ ಅಕ್ಕಿಕಾಳು

ರೇಣುಕಾ, ನಿನ್ನ ಮದುವೆಯ ಫೋಟೋದಿಂದ ನಿನ್ನ ಅಪ್ಪನನ್ನು ಅಳಿಸಿದವಳು ನಾನು.

ಹೌದು, ಅವರು ಬಂದಿದ್ದರು. ಸಾಣಾಪುರದ ಆ ಬಂಡೆಯ ಕೆಳಗೆ, ಕೆರೆಯ ದಂಡೆಯ ಮೇಲೆ, ನಿನ್ನ ಕೊರಳಿಗೆ ತಾಳಿ ಬೀಳುವ ಹೊತ್ತಿನಲ್ಲಿ ನಿಂತಿದ್ದರು. ನಾನು ಕಂಡೆ. ಕಂಡೂ ನಿನಗೆ ಹೇಳಲಿಲ್ಲ — ಏಳು ವರ್ಷ ಹೇಳಲಿಲ್ಲ. ಇದನ್ನು ಬರೆಯಲು ಕೂತವಳು ಮೂರು ಸಲ ಎದ್ದುಹೋಗಿ ಚಹಾ ಮಾಡಿಕೊಂಡು ಕುಡಿದೆ. ಚಹಾ ಕುಡಿದರೆ ಧೈರ್ಯ ಬರುವುದಿಲ್ಲ ಎಂದು ಮೂರನೆಯ ಲೋಟಕ್ಕೆ ತಿಳಿಯಿತು.

ನಾನು ಈ ಕೆಲಸಕ್ಕೆ ಬಂದದ್ದು ಹೇಗೆ ಎಂದು ನಿನಗೆ ಒಮ್ಮೆ ಹೇಳಿದ್ದೆ. ಗಂಗಾವತಿಯಲ್ಲಿ ನಮ್ಮ ಮಂದಿಯ ಮದುವೆಗಳಲ್ಲಿ ಹೆಂಗಸರು ಕೂತ ಕಡೆ ಗಂಡಸು ಕ್ಯಾಮೆರಾ ಹಿಡಿದು ಬರುವಂತಿಲ್ಲ. ಆ ಕಟ್ಟುಪಾಡಿನಿಂದಲೇ ಈ ಮೆಹರುನ್ನೀಸಾಳ ಹೊಟ್ಟೆ ತುಂಬಿತು. ವರ್ಷಗಟ್ಟಲೆ ಮೆಹಂದಿ ಹಚ್ಚಿದ ಕೈ, ಮುಸುಕಿನೊಳಗಿನ ಮುಖ, ಅಳುವ ಅಮ್ಮಂದಿರು — ಇವನ್ನೇ ತೆಗೆದೆ. ಆಮೇಲೆ ಸಾಣಾಪುರಕ್ಕೆ ಹೊರಗಿನ ಜೋಡಿಗಳು ಬರತೊಡಗಿದವು. ಛತ್ರ ಬೇಡ, ನೆಂಟರು ಬೇಡ, ಬಂಡೆಯ ಮೇಲೆ ಇಬ್ಬರೇ ನಿಂತು ಮದುವೆಯಾಗುತ್ತೇವೆ, ನೀವು ಫೋಟೋ ತೆಗೆದರೆ ಸಾಕು ಎನ್ನುವವರು. ಅದಕ್ಕೆ ಇಂಗ್ಲಿಷಿನಲ್ಲಿ ಓಡಿಹೋಗಿ ಮದುವೆಯಾಗುವುದು ಎಂದೇ ಹೆಸರಂತೆ. ಮೂರು ತಿಂಗಳು ಮೊದಲೇ ಬುಕಿಂಗ್ ಮಾಡಿ, ಅಪ್ಪ ಅಮ್ಮನಿಗೆ ವಿಡಿಯೋದಲ್ಲಿ ಕೈಬೀಸಿ ಓಡಿಹೋಗುವವರನ್ನು ನಾನು ಕಂಡದ್ದು ಅದೇ ಮೊದಲು. ಮನಸ್ಸಿನಲ್ಲೇ ನಗುತ್ತಿದ್ದೆ.

ಬಂಡೆ ಏರಿದ ಮೇಲೆ ಮಾತ್ರ ನಗು ನಿಂತುಹೋಗುತ್ತಿತ್ತು. ಆನೆಗಾತ್ರದ ಗುಂಡುಗಳು ಒಂದರ ಮೇಲೊಂದು, ಈಗ ಉರುಳುತ್ತವೆ ಎನ್ನುವ ಹಾಗೆ, ಯಾವ ಕಾಲದಿಂದಲೋ ಉರುಳದೆ ನಿಂತಿವೆ. ಕೆಳಗೆ ಕಾಲುವೆ ನೀರಿನ ಹಸಿರು ಗದ್ದೆ, ಆಚೆಗೆ ಕೆರೆ, ಅದರಾಚೆಗೆ ಮತ್ತೆ ಕಲ್ಲು, ಕಣ್ಣು ಮುಟ್ಟುವವರೆಗೆ ಕಲ್ಲು. ಹೊತ್ತು ಮುಳುಗುವ ಮೊದಲು ಹತ್ತು ನಿಮಿಷ ಆ ಕಲ್ಲುಗಳೆಲ್ಲ ಕಾಸಿದ ತುಪ್ಪದ ಬಣ್ಣಕ್ಕೆ ತಿರುಗುತ್ತವೆ. ಹುಟ್ಟಿದಾಗಿನಿಂದ ಇದೇ ಸೀಮೆಯಲ್ಲಿದ್ದವಳು ನಾನು, ಆದರೂ ಪ್ರತಿ ಸಲ ಮೈ ಜುಂ ಎನ್ನುತ್ತದೆ. ಇಷ್ಟು ದೊಡ್ಡದರ ಮುಂದೆ ನಾವು — ಏನು ಹೇಳಲಿ, ಮಾತು ಸಾಲುವುದಿಲ್ಲ.

ನೀನು ನಿಜವಾಗಿಯೂ ಓಡಿಬಂದವಳು. ಬೇವೂರಿನ ಕೂಲಿಕಾರ ಯಮನಪ್ಪನವರ ಒಬ್ಬಳೇ ಮಗಳು, ತಾಯಿಯಿಲ್ಲದವಳು, ಕುಷ್ಟಗಿಯಲ್ಲಿ ದಾಳಿಂಬೆ ಪ್ಯಾಕಿಂಗ್ ಮಾಡುತ್ತಿದ್ದವಳು. ಮಂಜುನಾಥ ಅಲ್ಲಿಯೇ ಗಾಡಿ ಓಡಿಸುತ್ತಿದ್ದ. ಜಾತಿ ಬೇರೆ. ನಿನ್ನ ಅಪ್ಪ ಆಡಿದ ಮಾತನ್ನು ನೀನೇ ನನಗೆ ಫೋನಿನಲ್ಲಿ ಹೇಳಿದ್ದೆ: "ನಿನ್ನ ಮದುವಿ ಹಂದರದಾಗ ನಾ ಕಾಲಿಡಂಗಿಲ್ಲ, ತಿಳ್ಕೋ." ಆಮೇಲೆ ನೀನು ಕೇಳಿದ್ದು ನನಗಿನ್ನೂ ನೆನಪಿದೆ. "ಆ ಹೊರಗಿನವ್ರಿಗೆ ತಗದಂಥಾದ್ದು ನಮ್ಗೂ ಒಂದು ಫೋಟೋ ತಗೀರಿ ಅಕ್ಕಾರ. ನಾವೂ ಓಡಿಬಂದವ್ರ ಅಲ್ಲೇನ್ರಿ?"

ಅವತ್ತು ಸಂಜೆ ನಾವು ಮೂವರೇ ಬಂಡೆ ಏರಿದೆವು. ನೀನು ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ನನಗಿಂತ ಮೊದಲು ಹತ್ತಿದೆ. ಮೇಲೆ ನಿಂತು ಸುತ್ತ ನೋಡಿದೆ. ಆಮೇಲೆ ಮೆಲ್ಲಗೆ ಅಂದೆ, "ಎಲ್ಲಾ ಐತ್ರಿ ಅಕ್ಕಾರ. ತಲಿ ಮ್ಯಾಲ ನಾಕು ಅಕ್ಕಿಕಾಳು ಹಾಕವ್ರೊಬ್ರು ಇಲ್ಲ." ನಾನು ಕೇಳಿಸಿಕೊಂಡೆ. ನನ್ನ ಕಣ್ಣು ಸೂರ್ಯನ ಮೇಲಿತ್ತು.

ಮಂಜುನಾಥ ತಾಳಿ ಕೈಗೆ ತೆಗೆದುಕೊಂಡ. ಬೆಳಕು ಬಂತು — ಅಂಥ ಬೆಳಕನ್ನು ನಾನು ಅದರ ಹಿಂದೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮೋಡದ ಅಡಿಯಿಂದ ನೇರ ನಿನ್ನ ಮುಖಕ್ಕೇ ಬಂತು. ಅದೇ ಹೊತ್ತಿಗೆ ನೀನು ಕೆಳಗೆ ನೋಡಿದೆ.

"ಅಕ್ಕಾರ, ಅಲ್ಲಿ ನಿಂತವ್ರು ನಮ್ಮಪ್ಪನಂಗ ಕಾಣ್ತಾರ ನೋಡ್ರಿ."

ದೂರದ್ದನ್ನು ತೆಗೆಯುವ ಇನ್ನೊಂದು ಕ್ಯಾಮೆರಾ ಎತ್ತಿ ನೋಡಿದೆ. ದಂಡೆಯ ಚಪ್ಪಟೆ ಕಲ್ಲಿನ ಮೇಲೆ ತಲೆಗೆ ಬಿಳಿ ರುಮಾಲು ಸುತ್ತಿದ ಒಬ್ಬರು, ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಗಂಟಿನಲ್ಲಿ ಹಳದಿ ಅಕ್ಕಿ. ನನಗೆ ಎಲ್ಲವೂ ತಿಳಿದುಹೋಯಿತು. ಹಂದರದಲ್ಲಿ ಕಾಲಿಡುವುದಿಲ್ಲ ಎಂದಿದ್ದರಲ್ಲ — ಆ ಗುಡ್ಡವೇ ನಿನ್ನ ಹಂದರ, ಅದರ ಹೊರಗೆ ನಿಂತಿದ್ದಾರೆ. ಆಡಿದ ಮಾತೂ ಉಳಿಯಬೇಕು, ಮಗಳ ತಲೆಯ ಮೇಲೆ ಕಾಳೂ ಬೀಳಬೇಕು.

ನಾನು ಹೇಳಿದೆ: "ನಿಮ್ಮಪ್ಪ ಅಲ್ಲವ್ವ. ಕೆರಿ ಕಾಯೋರು ಇರಬೇಕು. ನೀ ಮಾರಿ ಹೊಳ್ಳಿಸು, ಬೆಳಕಿನ ಕಡಿ ನೋಡು."

ನೀನು ನನ್ನನ್ನು ನಂಬಿದೆ. ಮುಖ ತಿರುಗಿಸಿದೆ. ತಾಳಿ ಬಿತ್ತು, ನಾನು ಒತ್ತಿದೆ. ಅದೇ ಕ್ಷಣದಲ್ಲಿ ಕೆಳಗೆ ಆ ಬಲಗೈ ಮೇಲೆದ್ದು ಕಾಳು ಎಸೆಯಿತು. ಅಷ್ಟು ಎತ್ತರಕ್ಕೆ ಯಾವ ಕಾಳು ಮುಟ್ಟುತ್ತದೆ? ಗೊತ್ತಿದ್ದೂ ಅವರು ಎಸೆದರು — ಒಂದಲ್ಲ, ಮೂರು ಸಲ. ಆ ಕಲ್ಲು, ಆ ಕೆರೆ, ಆ ಆಕಾಶ, ಯಾವುದೂ ಆ ಕೈಗಿಂತ ದೊಡ್ಡದಾಗಿ ಕಾಣಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆದರೂ ನಿನಗೆ ಹೇಳಲಿಲ್ಲ.

ಹೆದರಿದೆ ಎಂದು ಹೇಳಬಹುದು. ಅವರ ಹಿಂದೆ ನಾಲ್ಕು ಜನ ಬಡಿಗೆ ಹಿಡಿದು ಬಂದಿದ್ದರೆ ಎಂದು — ಏಳು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ. ಸುಳ್ಳು. ಅವರು ಒಬ್ಬರೇ ಇದ್ದರು, ಅಂಗೈಯ ಅರಿಶಿನ ಕೂಡ ನನಗೆ ಕಾಣುತ್ತಿತ್ತು. ನಾನು ಹೆದರಿದ್ದು ಬೆಳಕು ಹೋಗುತ್ತದೆಂದು. ನಿನಗೆ ಹೇಳಿದರೆ ನೀನು ಇಳಿದು ಓಡುತ್ತೀಯ, ನನ್ನ ಫೋಟೋ ಹೋಗುತ್ತದೆ — ಇಷ್ಟೇ. ಆಮೇಲೆ, ನನ್ನ ಸುಳ್ಳು ಬಯಲಾಗಬಾರದೆಂದು, ಹಿಂದಿನ ದಾರಿ ಸಲೀಸು ಎಂದು ಹೇಳಿ ನಿಮ್ಮಿಬ್ಬರನ್ನೂ ಗುಡ್ಡದ ಆ ಕಡೆಯಿಂದ ಇಳಿಸಿದೆ.

ಮರುದಿನ ಬೆಳಿಗ್ಗೆ ಬೇರೆ ಜೋಡಿಯ ಕೆಲಸಕ್ಕೆ ಹೋದಾಗ ಆ ಚಪ್ಪಟೆ ಕಲ್ಲನ್ನು ನೋಡಿದೆ. ಹಳದಿ ಕಾಳುಗಳನ್ನು ಇರುವೆಗಳು ಸಾಲಾಗಿ ಹೊತ್ತೊಯ್ಯುತ್ತಿದ್ದವು. ಮನೆಗೆ ಬಂದು ಫೋಟೋ ತೆರೆದೆ. ಹಿಂದೆ ಯಾರಾದರೂ ಅಡ್ಡ ಬಂದಿದ್ದರೆ ಅಳಿಸಿ ಚೊಕ್ಕ ಮಾಡುವುದು ನಮ್ಮ ಕೆಲಸದ ಪದ್ಧತಿ. ಕುರಿ, ಪ್ಲಾಸ್ಟಿಕ್ ಚೀಲ, ಕರೆಂಟಿನ ಕಂಬ, ಎಲ್ಲವನ್ನೂ ಅಳಿಸುತ್ತೇವೆ. ಆ ಪಟ್ಟಿಯಲ್ಲಿ ನಿನ್ನ ಅಪ್ಪನನ್ನೂ ಸೇರಿಸಿದೆ. ನನ್ನ ಸ್ಟುಡಿಯೋದ ಗಾಜಿನ ಹಿಂದೆ ಆ ಫೋಟೋ ತೂಗಿತು. ಅದನ್ನು ನೋಡಿಯೇ ಎಷ್ಟೋ ಜೋಡಿಗಳು ಬಂದವು. ಎಲ್ಲರೂ ಬೆಳಕನ್ನು ಹೊಗಳುತ್ತಿದ್ದರು.

ನಿನಗೆ ಮಗಳು ಹುಟ್ಟಿದಾಗ, ನೀವು ಹೋಗಿ ನೆಲೆಸಿದ ಹೊಸಪೇಟೆಯಿಂದ ನೀನು ನನಗೆ ಫೋನ್ ಮಾಡಿದ್ದೆ. "ಎಷ್ಟು ಸಿಟ್ಟಿದ್ರೂ ನಮ್ಮಪ್ಪ ಒಂದು ಅಕ್ಕಿಕಾಳರ ಹಾಕಬೇಕಿತ್ರಿ ಅಕ್ಕಾರ. ನಾನೂ ಇನ್ನ ಆ ಊರಿನ ದಾರಿ ತುಳಿಯಂಗಿಲ್ಲ." ಹೇಳಬೇಕಾದ ಹೊತ್ತು ಅದೇ ಆಗಿತ್ತು. ಕೂಸಿನ ಹೆಸರೇನು ಎಂದು ಕೇಳಿ ಫೋನ್ ಇಟ್ಟೆ.

ಹೋದ ತಿಂಗಳು ಬೇವೂರಿಗೆ ಒಂದು ಮದುವೆಗೆ ಹೋಗಿದ್ದೆ. ಹಂದರದ ಹೊರಗೆ ನೀರು ಕೊಡುತ್ತಿದ್ದ ಮುದುಕರೊಬ್ಬರು ನನ್ನ ಕೊರಳಿನ ಕ್ಯಾಮೆರಾವನ್ನೂ ಮುಖವನ್ನೂ ನೋಡಿದರು. ಬಿಳಿ ರುಮಾಲು.

"ನೀವು ಸಾಣಾಪುರದಾಗ ನನ್ನ ಮಗಳ ಫೋಟೋ ತಗದವ್ರಲ್ಲೇನ್ರಿ?"

ಹೂಂ ಅಂದೆ.

"ಆಕಿ ಗೆಳತಿ ಹೇಳಿದ್ಲರಿ, ಅದಕ್ಕ ಬಂದಿದ್ದೆ. ಆಕಿ ಮ್ಯಾಲಿಂದ ನನ್ನ ನೋಡಿದ್ಲು. ನೋಡಿ ಮಾರಿ ಹೊಳ್ಳಿಸಿದ್ಲು. ಇರ್ಲಿ ಬಿಡ್ರಿ, ನಾ ಆಡಿದ ಮಾತೂ ಅಂಥಾದ್ದ ಇತ್ತು." ನನ್ನ ಲೋಟಕ್ಕೆ ನೀರು ಹಾಕಿ ಕೇಳಿದರು, "ಫೋಟೋದಾಗ ಛಲೋ ಬಂದಾಳೇನ್ರಿ?"

"ಭಾಳ ಛಲೋ ಬಂದಾಳ್ರಿ," ಅಂದೆ. ಅವರು ನಕ್ಕರು. ಆಗಲೂ, ಎದುರಿಗೆ ನಿಂತಿದ್ದಾಗಲೂ, ನಾನು —

ರೇಣುಕಾ, ನಿನ್ನ ಅಪ್ಪ ನಿನ್ನನ್ನು ಬಿಡಲಿಲ್ಲ. ನೀನು ಅವರಿಗೆ ಮುಖ ತಿರುಗಿಸಲಿಲ್ಲ. ತಿರುಗಿಸು ಎಂದವಳು ನಾನು. ಏಳು ವರ್ಷ ನೀವಿಬ್ಬರೂ ಒಬ್ಬರ ಮೇಲೊಬ್ಬರು ಹೊರಿಸಿಕೊಂಡ ತಪ್ಪು ಪೂರ್ತಿ ನನ್ನದು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಆ ಭಾರವೂ ನಿನ್ನ ಮೇಲೆಯೇ ಬೀಳುತ್ತದೆ.

ಗಾಜಿನ ಹಿಂದಿನ ಫೋಟೋ ಇವತ್ತು ಇಳಿಸಿದೆ. ಚೊಕ್ಕ ಮಾಡದ ಮೂಲ ಫೋಟೋ ನನ್ನ ಹತ್ತಿರ ಇನ್ನೂ ಇತ್ತು. ಅಳಿಸಿಬಿಡೋಣವೆಂದು ಎಷ್ಟೋ ಸಲ ಕೂತಿದ್ದೆ, ಕೈ ಬಂದಿರಲಿಲ್ಲ. ಎರಡು ಪ್ರತಿ ದೊಡ್ಡದಾಗಿ ಹಾಕಿಸಿದ್ದೇನೆ. ಒಂದು ಈ ಕಾಗದದ ಜೊತೆ ನಿನಗೆ. ಇನ್ನೊಂದನ್ನು ಹಿಡಿದುಕೊಂಡು ನಾಳೆ ಬೆಳಿಗ್ಗೆಯ ಬಸ್ಸಿಗೆ ಬೇವೂರಿಗೆ ಹೋಗುತ್ತೇನೆ. ಮೊದಲು ಮಾತು ಹೇಳುತ್ತೇನೆ, ಆಮೇಲೆ ಫೋಟೋ ಕೊಡುತ್ತೇನೆ. ಅವರು ಬೈದರೆ ಬೈಸಿಕೊಂಡು ಬರುತ್ತೇನೆ.

ಫೋಟೋ ತೆರೆದಾಗ ನಿನ್ನನ್ನು ಮೊದಲು ನೋಡಿಕೊಳ್ಳಬೇಡ. ಕೆಳಗೆ, ಎಡಮೂಲೆಯಲ್ಲಿ, ದಂಡೆಯ ಚಪ್ಪಟೆ ಕಲ್ಲಿನ ಮೇಲೆ ನೋಡು. ಬಲಗೈ ಮೇಲೆತ್ತಿದ್ದಾರೆ. ಕೈಯ ಮೇಲೆ ಸಣ್ಣದೊಂದು ಹಳದಿ ಮಸುಕು ಇದೆಯಲ್ಲ, ಅದು ಫೋಟೋದ ಕಲೆಯಲ್ಲ. ನಿನ್ನ ಅಕ್ಕಿಕಾಳು.